ಬಂಡೆಯ ಮೇಲೆ ಮೂಡಿದ ಗರಿ

ಇಂಗ್ಲೆಂಡಿನ ನಟ್ಟನಡುವೆ, ಲೆಸ್ಟರ್ ನಗರಕ್ಕೆ ಅನತಿ ದೂರದಲ್ಲಿ, ಚಾರ್ನ್‌ವುಡ್ ಎಂಬ ಗುಡ್ಡಗಾಡು ಪ್ರದೇಶವಿದೆ. ಸುತ್ತಲೂ ಹಸುರು ಬಯಲು. ನಡುವೆ ಥಟ್ಟನೆ ತಲೆಯೆತ್ತಿದ ಮೊನಚಾದ ಬಂಡೆಗಳು. ಕಲ್ಲು ತೆಗೆದು ಬಿಟ್ಟ ಹಳೆಯ ಗಣಿಗಳೂ ಅಲ್ಲಲ್ಲಿ ಉಂಟು. 1956ರಲ್ಲಿ ಅಂಥದೊಂದು ಕಲ್ಲುಗಣಿಯ ಗೋಡೆಯೆದುರು ಟೀನಾ ನೀಗಸ್ ಎಂಬ ಹದಿನೈದು ವಯಸ್ಸಿನ ಶಾಲಾ ಬಾಲಿಕೆ ನಿಂತುಬಿಟ್ಟಳು. ಕಲ್ಲಿನ ಮೈಮೇಲೆ ಗೇಣುದ್ದದ ಒಂದು ಗುರುತು. ನಡುವೆ ಒಂದು ಗೆರೆ, ಎರಡು ಮಗ್ಗುಲಿಗೂ ಓರೆಯಾಗಿ ಸಾಲುಸಾಲು ಎಸಳು. ಜರೀಗಿಡದ ಎಲೆಯನ್ನು ಹಸಿಯ ಗಾರೆಗೆ ಒತ್ತಿ ತೆಗೆದಂತೆ!

ಶಾಲೆಗೆ ಹಿಂದಿರುಗಿದ ಹುಡುಗಿ ಭೂಗೋಳದ ಉಪಾಧ್ಯಾಯರಿಗೆ ಸಂಗತಿಯನ್ನು ಅರುಹಿದಳು. ಕೇಂಬ್ರಿಯನ್ ಯುಗಕ್ಕಿಂತ ಹಿಂದಿನ ಬಂಡೆಗಳಲ್ಲಿ ಜೀವಾವಶೇಷಗಳು ಇರುವುದಿಲ್ಲವೆಂಬ ಉತ್ತರ ಬಂದಿತು. ತಾನು ಕಂಡದ್ದು ಅಂಥ ಬಂಡೆಯಲ್ಲಿಯೇ ಎಂದಳು ಹುಡುಗಿ. ಹಾಗಾದರೆ ಆ ಬಂಡೆ ಅಷ್ಟು ಹಳೆಯದಲ್ಲ ಎಂದಾಯಿತು. ಹಳೆಯದೇ ಹೌದೆಂದಳು. ಹಾಗಾದರೆ ಆಕೆ ಕಂಡದ್ದು ಜೀವಾವಶೇಷವೇ ಅಲ್ಲ! ಮಾತು ಅಲ್ಲಿಗೆ ಮುಗಿಯಿತು.

ಉಪಾಧ್ಯಾಯರನ್ನು ದೂರಿ ಫಲವಿಲ್ಲ. ಅಂದಿನ ಪಠ್ಯಪುಸ್ತಕಗಳೆಲ್ಲ ಹಾಗೆಯೇ ಹೇಳುತ್ತಿದ್ದವು. ಸುಮಾರು 54 ಕೋಟಿ ವರ್ಷಗಳ ಹಿಂದೆ ಕೇಂಬ್ರಿಯನ್ ಯುಗ ತೊಡಗಿದಾಗ ಸಮುದ್ರದಲ್ಲಿ ಬಗೆಬಗೆಯ ಪ್ರಾಣಿಗಳು ಒಮ್ಮೆಗೇ ಕಾಣಿಸಿಕೊಳ್ಳುತ್ತವೆ. ಅದಕ್ಕೆ ಹಿಂದಿನ ಬಂಡೆಗಳು ಬರಿದು. ಈ ಬರಿದು ಪುಟಗಳು ಡಾರ್ವಿನ್ ಮಹಾಶಯನನ್ನೂ ಕಾಡಿದ್ದುಂಟು. ತನ್ನ ಸಿದ್ಧಾಂತಕ್ಕೆ ಇದೊಂದು ದೊಡ್ಡ ತೊಡಕೆಂದು ಆತ 1859ರಲ್ಲಿಯೇ ಒಪ್ಪಿಕೊಂಡಿದ್ದನು. ಪ್ರಾಣಿಲೋಕದ ಚಿತ್ರಗಳಿಂದ ಜಗತ್ಪ್ರಸಿದ್ಧರಾದ ಡೇವಿಡ್ ಅಟೆನ್‌ಬರೊ ಬಾಲ್ಯವನ್ನು ಕಳೆದದ್ದು ಈ ಲೆಸ್ಟರಿನಲ್ಲಿಯೇ. ಹುಡುಗನಾಗಿದ್ದಾಗ ಕಲ್ಲಾದ ಚಿಪ್ಪುಗಳನ್ನು ಅರಸುತ್ತ ಸೈಕಲ್ಲೇರಿ ಸುತ್ತುತ್ತಿದ್ದ ಅವರು ಚಾರ್ನ್‌ವುಡ್ಡಿನ ಬಂಡೆಗಳಲ್ಲಿ ಮಾತ್ರ ಹುಡುಕಲಿಲ್ಲ. ಅಲ್ಲಿ ಏನೂ ಸಿಕ್ಕದೆಂಬುದು ಎಲ್ಲರೂ ಬಲ್ಲ ವಿಷಯವಾಗಿದ್ದಿತು!

ಮರುವರ್ಷ, 1957ರ ಏಪ್ರಿಲಿನಲ್ಲಿ, ಲೆಸ್ಟರಿನ ಮೂವರು ಶಾಲಾ ಹುಡುಗರು ಬಂಡೆ ಹತ್ತುವ ಹುರುಪಿನಿಂದ ಅದೇ ಗಣಿಗೆ ಬಂದರು. ಅವರಲ್ಲೊಬ್ಬನಾದ ರೋಜರ್ ಮೇಸನ್ನನ ಕಣ್ಣಿಗೂ ಆ ಗರಿ ಬಿದ್ದಿತು. ಕಾಗದವನ್ನು ಮೇಲಿಟ್ಟು ಪೆನ್ಸಿಲಿನಿಂದ ಉಜ್ಜಿ, ಅಚ್ಚು ತೆಗೆದು ತಂದೆಗೆ ತೋರಿಸಿದನು. ಇಲ್ಲಿಯವರೆಗೆ ಎರಡು ಕಥೆಗಳೂ ಒಂದೇ. ಭೇದ ಮುಂದಿನ ಹೆಜ್ಜೆಯಲ್ಲಿದೆ. ಮೇಸನ್ನನ ತಂದೆ ಪಾದ್ರಿಗಳು. ಸ್ಥಳೀಯ ವಿಶ್ವವಿದ್ಯಾಲಯದ ಭೂಗರ್ಭಶಾಸ್ತ್ರದ ಅಧ್ಯಾಪಕ ಟ್ರೆವರ್ ಫೋರ್ಡರ ಪರಿಚಯ ಅವರಿಗಿದ್ದಿತು. ಫೋರ್ಡರಿಗೂ ಮೊದಲು ನಂಬಿಕೆ ಹುಟ್ಟಲಿಲ್ಲ. ಆದರೂ ಅವರು ಹುಡುಗನೊಡನೆ ಗಣಿಗೆ ಹೋದರು. ಬಂಡೆಯನ್ನು ಕಣ್ಣಾರೆ ಕಂಡರು. ಸಂದೇಹ ಅಲ್ಲಿಗೆ ತೀರಿತು.

1958ರಲ್ಲಿ ಫೋರ್ಡರ ಪ್ರಬಂಧ ಅಚ್ಚಾಯಿತು. ಊರಿನ ಹೆಸರನ್ನೂ ಹುಡುಗನ ಹೆಸರನ್ನೂ ಜೋಡಿಸಿ ಆ ಜೀವಿಗೆ ‘ಚಾರ್ನಿಯಾ ಮೇಸನಿ’ ಎಂದು ನಾಮಕರಣ ಮಾಡಿದರು. ಆ ಪ್ರಬಂಧ ಬೆಳಕು ಕಂಡ ಸ್ಥಳವೂ ಗಮನಾರ್ಹವಾದುದು. ಅದು ರಾಜಧಾನಿಯ ಯಾವುದೋ ಮಹಾಸಂಸ್ಥೆಯ ಪತ್ರಿಕೆಯಲ್ಲ. ಯಾರ್ಕ್‌ಷೈರ್ ಭೂಗರ್ಭ ಸಂಘವೆಂಬ ಪ್ರಾಂತೀಯ ಸಂಘವೊಂದರ ವರದಿಸಂಪುಟ. 1837ರಲ್ಲಿ ಕಲ್ಲಿದ್ದಲ ಗಣಿಗಳ ಒಡೆಯರು ಕಲೆತು ಕಟ್ಟಿದ ಸಂಘವದು. ಜೀವಚರಿತ್ರೆಯ ಮೊದಲ ಅಧ್ಯಾಯವನ್ನೇ ತಿದ್ದಿದ ಶೋಧವೊಂದು ಹೀಗೆ ಹಳ್ಳಿಯ ಗಣಿಯಿಂದ ಹೊರಟು, ಪ್ರಾಂತದ ಸಂಘದ ಕೈಹಿಡಿದು, ಲೋಕವನ್ನು ಮುಟ್ಟಿತು.

ಇಂಥ ಸಂಘಗಳು ಆ ನಾಡಿನಲ್ಲಿ ಅನೇಕ. ಅವುಗಳ ಹಿನ್ನೆಲೆಯನ್ನು ತಿಳಿಯದೆ ಚಾರ್ನಿಯಾದ ಕಥೆ ಪೂರ್ಣವಾಗಲಾರದು.

ಲಂಡನ್ನಿನ ಭೂಗರ್ಭ ಸಂಸ್ಥೆ ಹುಟ್ಟಿದ್ದು 1807ರಲ್ಲಿ. ಅದು ಪಂಡಿತರ ಸಭೆ. ಕಲ್ಲಿನ ಮೇಲೆ ಪ್ರೀತಿಯಿದ್ದ ಮಾತ್ರಕ್ಕೆ ಸಾಮಾನ್ಯನಿಗೆ ಅಲ್ಲಿ ಮಣೆ ದೊರೆಯುತ್ತಿರಲಿಲ್ಲ. ಹೆಂಗಸರಿಗಂತೂ 1919ರವರೆಗೆ ಬಾಗಿಲೇ ತೆರೆಯಲಿಲ್ಲ. ಕ್ಯಾಥರಿನ್ ರೇಸಿನ್ ಎಂಬ ವಿದುಷಿಗೆ ಆ ಸಂಸ್ಥೆ 1893ರಲ್ಲಿ ಪುರಸ್ಕಾರವನ್ನೇನೋ ಕೊಟ್ಟಿತು. ಆದರೆ ಸಭೆಗೆ ಸ್ತ್ರೀಯರ ಪ್ರವೇಶವಿಲ್ಲವಾದ್ದರಿಂದ ಅದನ್ನು ಆಕೆಯ ಪರವಾಗಿ ಪ್ರೊಫೆಸರ್ ಬಾನಿಯವರು ಸ್ವೀಕರಿಸಬೇಕಾಯಿತು! ಬಹುಮಾನ ಬಂದವರೇ ಬಾಗಿಲ ಹೊರಗೆ.

ಈ ಕೊರತೆಯನ್ನು ತುಂಬಲು 1858ರ ಡಿಸೆಂಬರಿನಲ್ಲಿ ಅದೇ ಲಂಡನ್ನಿನಲ್ಲಿ ಹವ್ಯಾಸಿಗಳು ತಮ್ಮದೇ ಸಂಘವೊಂದನ್ನು ಕಟ್ಟಿಕೊಂಡರು. ‘ಜಿಯಾಲಜಿಸ್ಟ್ಸ್ ಅಸೋಸಿಯೇಷನ್’ ಎಂಬುದು ಅದರ ಹೆಸರು. ಮೊದಲ ದಿನದಿಂದಲೇ ಹೆಂಗಸರಿಗೂ ಸದಸ್ಯತ್ವವಿದ್ದಿತು. ರೇಸಿನ್ 1878ರಲ್ಲಿ ಇದರ ಸದಸ್ಯೆಯಾಗಿದ್ದರು. ಸಂಜೆಯ ಉಪನ್ಯಾಸಗಳು ಉಂಟು. ಆದರೆ ಸಂಘದ ಜೀವಾಳ ಹೊರಸಂಚಾರ. 1860ರಲ್ಲಿ ಸದಸ್ಯರು ಫೋಕ್‌ಸ್ಟನ್ ಕಡಲತೀರಕ್ಕೆ ಮೊದಲ ಸಂಚಾರ ಹೊರಟರು. ಅಂದು ತೊಡಗಿದ ಪರಿಪಾಠ ಒಂದೂವರೆ ಶತಮಾನ ಕಳೆದರೂ ನಿಂತಿಲ್ಲ.

ಸಂಚಾರದ ಕ್ರಮ ಬಲು ಸರಳ. ದಾರಿ ಬಲ್ಲವರೊಬ್ಬರು ಮುಂದಾಳು. ಗಣಿಯ ಒಡೆಯರಿಂದ ಮೊದಲೇ ಅಪ್ಪಣೆ ಪಡೆದಿರಬೇಕು. ಗಟ್ಟಿ ಬೂಟು, ಮಳೆಯಂಗಿ, ಟಿಪ್ಪಣಿ ಪುಸ್ತಕ, ಒಂದು ಭೂತಗನ್ನಡಿ, ಬುತ್ತಿಯ ಗಂಟು, ಇಷ್ಟಿದ್ದರೆ ಸಾಕು. ಮುಂದಾಳು ಬಂಡೆಯ ಮುಂದೆ ನಿಂತು, ಈ ಪದರ ಹೇಗೆ ಬಿದ್ದಿತು, ಆ ಪದರ ಏಕೆ ಬಾಗಿತು ಎಂದು ವಿವರಿಸುತ್ತಾರೆ. ಗುಮಾಸ್ತನೂ ಕೇಳಬಹುದು, ಗೃಹಿಣಿಯೂ ಕೇಳಬಹುದು. ಪ್ರಾಧ್ಯಾಪಕರ ಮಾತನ್ನು ಹುಡುಗನೊಬ್ಬ ಪ್ರಶ್ನಿಸಿದರೆ ಯಾರೂ ಹುಬ್ಬು ಗಂಟಿಕ್ಕುವುದಿಲ್ಲ. ಬಂಡೆ ಎದುರಿಗೇ ಇರುತ್ತದೆ, ನೋಡಿದರಾಯಿತು. ಮುಂದಾಳುಗಳಿಗೆ ಸಂಬಳವಿಲ್ಲ. ವೃತ್ತಿಯಿಂದ ನಿವೃತ್ತರಾದ ಎಷ್ಟೋ ಭೂಗರ್ಭಶಾಸ್ತ್ರಜ್ಞರು ತಮ್ಮ ಭಾನುವಾರಗಳನ್ನು ಈ ಸೇವೆಗೆ ಮುಡಿಪಾಗಿಟ್ಟಿದ್ದಾರೆ.

ಲೆಸ್ಟರಿನಲ್ಲಿಯೂ 1835ರಲ್ಲಿ ಸ್ಥಾಪಿತವಾದ ಸಾಹಿತ್ಯ ಮತ್ತು ತತ್ತ್ವಜ್ಞಾನ ಸಂಘವೊಂದಿದೆ. ಅದರ ಭೂಗರ್ಭ ಶಾಖೆ ಇಂಥ ಉಪನ್ಯಾಸಗಳನ್ನೂ ಸಂಚಾರಗಳನ್ನೂ ನಡೆಸುತ್ತ ಬಂದಿದೆ.

ಹಿಂದೆ ಸಂಚಾರವೆಂದರೆ ಎಲ್ಲರ ಕೈಯಲ್ಲಿಯೂ ಸುತ್ತಿಗೆ. ಸಿಕ್ಕಿದ್ದನ್ನು ಒಡೆದು ಜೇಬಿಗೆ ಹಾಕಿಕೊಳ್ಳುವುದೇ ವಿನೋದ. ಕಾಲ ಬದಲಾಗಿದೆ. ವೃಥಾ ಸುತ್ತಿಗೆ ಬೀಸಬಾರದೆಂದು ಸಂಘವೇ ನಿಯಮಾವಳಿಯನ್ನು ಹೊರಡಿಸಿದೆ. ಒಬ್ಬರು ಕಿತ್ತೊಯ್ದ ಗುರುತು ಮತ್ತೊಬ್ಬರ ಕಣ್ಣಿಗೆ ಎಂದೆಂದಿಗೂ ಇಲ್ಲವಾಗುತ್ತದೆಯಷ್ಟೆ.

ಇತ್ತ ಚಾರ್ನಿಯಾದ ಕೀರ್ತಿ ಹಬ್ಬಿತು. ದಕ್ಷಿಣ ಆಸ್ಟ್ರೇಲಿಯದ ಈಡಿಯಾಕರಾ ಗುಡ್ಡಗಳಲ್ಲಿ ರೆಜ್ ಸ್ಪ್ರಿಗ್ ಎಂಬ ಭೂಗರ್ಭಶಾಸ್ತ್ರಜ್ಞ 1946ರಲ್ಲಿಯೇ ವಿಚಿತ್ರವಾದ ಅಚ್ಚುಗಳನ್ನು ಕಂಡಿದ್ದನು. ಅವುಗಳ ಕಾಲ ನಿಶ್ಚಯವಾಗಿರಲಿಲ್ಲ. ವಿದ್ವಾಂಸರು ಹೆಚ್ಚು ಲಕ್ಷ್ಯ ಕೊಟ್ಟಿರಲಿಲ್ಲ. ಚಾರ್ನ್‌ವುಡ್ಡಿನ ಬಂಡೆಗಳ ಪ್ರಾಚೀನತೆಯ ಬಗೆಗಾದರೋ ತಕರಾರಿರಲಿಲ್ಲ. ಅಲ್ಲಿನ ಗರಿಯಂಥವೇ ಇಲ್ಲಿಯೂ ದೊರೆತಾಗ ಎರಡು ನೆಲಗಳ ಸಾಕ್ಷ್ಯ ಕೂಡಿಬಂದಿತು. ಆ ಕಾಲಕ್ಕೆ 2004ರಲ್ಲಿ ‘ಈಡಿಯಾಕರನ್’ ಎಂಬ ಅಧಿಕೃತ ಹೆಸರೇ ಬಂದಿತು. ಚಾರ್ನಿಯಾ ಸುಮಾರು 56 ಕೋಟಿ ವರ್ಷಗಳಷ್ಟು ಹಿಂದಿನದು. ಫೋರ್ಡರು ಅದನ್ನು ಪಾಚಿಯ ಜಾತಿಯೆಂದು ಊಹಿಸಿದ್ದರು. ಆದರೆ ಅದು ಬೆಳೆದದ್ದು ಬಿಸಿಲು ತಲುಪದ ಆಳದ ಕಡಲಿನಲ್ಲಿ. ಬಿಸಿಲಿಲ್ಲದೆ ಪಾಚಿ ಬದುಕದು. ಜ್ವಾಲಾಮುಖಿಯ ಬೂದಿ ನೀರಿನಡಿಯಲ್ಲಿ ಅದರ ಮೇಲೆ ಕವಿದು ಅಚ್ಚನ್ನು ಉಳಿಸಿತು. ಇಂದು ಅದನ್ನು ಪ್ರಾಣಿಯೆಂದೇ ವಿದ್ವಾಂಸರು ಎಣಿಸುತ್ತಾರೆ.

ಅಟೆನ್‌ಬರೊ ಅವರ ಕಥೆಗೂ ಒಂದು ಸೊಗಸಾದ ತಿರುವು ಒದಗಿತು. ಬಾಲ್ಯದಲ್ಲಿ ಅವರು ಕಡೆಗಣಿಸಿದ ಚಾರ್ನ್‌ವುಡ್ಡಿನ ಬಂಡೆಯಲ್ಲಿಯೇ ದೊರೆತ ಮತ್ತೊಂದು ಪ್ರಾಚೀನ ಜೀವಿಗೆ 2022ರಲ್ಲಿ ಅವರ ಹೆಸರನ್ನೇ ಇಟ್ಟರು. ರೋಜರ್ ಮೇಸನ್ ಮುಂದೆ ತಾನೇ ಭೂಗರ್ಭಶಾಸ್ತ್ರದ ಅಧ್ಯಾಪಕನಾದನು.

ಟೀನಾ ನೀಗಸ್ ಮರುವರ್ಷ ಮತ್ತೆ ಅಲ್ಲಿಗೆ ಹೋದಾಗ ಗರಿಯಿದ್ದೆಡೆಯಲ್ಲಿ ಬರಿಯ ಗುಳಿ ಕಂಡಿತು. ಅದನ್ನು ಬಂಡೆಯಿಂದ ಬಿಡಿಸಿ ಒಯ್ದಿದ್ದರು. ತನಗಿಂತ ಮೊದಲು ಕಂಡವಳು ಆಕೆಯೆಂದು ಮೇಸನ್ ಮುಕ್ತಕಂಠದಿಂದ ಒಪ್ಪಿಕೊಂಡಿದ್ದಾರೆ. 2007ರಲ್ಲಿ ನಡೆದ ಐವತ್ತನೆಯ ವರ್ಷದ ಸಮಾರಂಭದಲ್ಲಿ ಆಕೆಗೆ ಮನ್ನಣೆ ದೊರೆಯಿತು. ಲೆಸ್ಟರಿನ ವಸ್ತುಸಂಗ್ರಹಾಲಯದಲ್ಲಿ ಆ ಕಲ್ಲಿನ ಹಲಗೆ ಈಗ ಗಾಜಿನ ಹಿಂದೆ ಇದೆ. ಜೀವಿಯ ಹೆಸರು ಹುಡುಗನದು. ಮೊದಲು ಕಂಡವಳು ಒಬ್ಬ ಶಾಲಾ ಬಾಲಿಕೆ ಎಂಬ ವಿವರಣೆಯೂ ಅದರೊಡನೆ ಉಂಟು.