ನಿಮಗಿದು ಗೊತ್ತೇ? ಕಸದ ಕೇಂದ್ರ ದೊಡ್ಡದಾದರೆ ಗಾಳಿಗೇನಾಗುತ್ತದೆ?

ಮನೆಮನೆಯ ಕಸ ಹೊತ್ತ ಸಣ್ಣ ಗಾಡಿಗಳು ಊರಾಚೆಯ ಕಸದ ಗುಡ್ಡದವರೆಗೂ ಓಡುವುದಿಲ್ಲ. ನಡುವೆ ಒಂದೆಡೆ ಸುರಿಯುತ್ತವೆ. ಅಲ್ಲಿಂದ ದೊಡ್ಡ ಲಾರಿಗಳು ಹೊರುತ್ತವೆ. ಅದೇ ಕಸ ವರ್ಗಾವಣೆ ಕೇಂದ್ರ. ಇದರಿಂದ ಇಡೀ ಊರಿಗೆ ಡೀಸೆಲ್ ಉಳಿಯುತ್ತದೆ. ಹೊಗೆ ಮಾತ್ರ ಕೇಂದ್ರದ ಆಸುಪಾಸಿನವರ ಪಾಲು.

ಕೇಂದ್ರ ದೊಡ್ಡದು ಮಾಡುವಾಗ 'ದಿನಕ್ಕೆ ಬರೀ 100 ಟನ್ ಜಾಸ್ತಿ' ಎಂದರೆ ಎಷ್ಟು? ಒಂದು ಆಟೋ ಟಿಪ್ಪರ್ ಅರ್ಧ ಟನ್ ತರುತ್ತದೆ ಎಂದುಕೊಳ್ಳಿ. 200 ಗಾಡಿ ಬರಬೇಕು, 200 ಮರಳಬೇಕು: ಅದೇ ಬೀದಿಯಲ್ಲಿ 400 ಓಡಾಟ! ಕಸ ಸಾಗಿಸುವ ದೊಡ್ಡ ಲಾರಿಗಳ ಲೆಕ್ಕ ಬೇರೆ.

ಡೀಸೆಲ್ ಹೊಗೆ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2012ರಲ್ಲೇ ಸಾರಿದೆ.

ನ್ಯೂಯಾರ್ಕ್‌ನ ಸೌತ್ ಬ್ರಾಂಕ್ಸ್‌ನಲ್ಲಿ ಹೆದ್ದಾರಿಗಳ ಜೊತೆಗೆ ಕಸ ವರ್ಗಾವಣೆ ಕೇಂದ್ರಗಳೂ ಸಾಲುಗಟ್ಟಿವೆ. ಅಲ್ಲಿನ ಮಾಟ್ ಹೇವನ್‌ಗೆ ಜನ ಇಟ್ಟ ಹೆಸರು 'ಆಸ್ತಮಾ ಗಲ್ಲಿ'. ಈ ಪ್ರದೇಶದ ಶಾಲೆಗಳ 40 ಆಸ್ತಮಾಪೀಡಿತ ಮಕ್ಕಳಿಗೆ ಸಂಶೋಧಕರು ಗಾಳಿ ಅಳೆಯುವ ಉಪಕರಣವಿದ್ದ ಚಕ್ರದ ಬ್ಯಾಗು ಕೊಟ್ಟರು. ಮಕ್ಕಳು ಹೋದಲ್ಲೆಲ್ಲ ಅದೂ ಹೋಯಿತು. 2011ರಲ್ಲಿ ಪ್ರಕಟವಾದ ಫಲಿತಾಂಶ ಕಣ್ತೆರೆಸುವಂಥದ್ದು: ಮಕ್ಕಳ ಉಬ್ಬಸಕ್ಕೆ ನಂಟು ಕಂಡದ್ದು ಸೂಕ್ಷ್ಮ ಕಣಗಳ ಒಟ್ಟು ತೂಕಕ್ಕಲ್ಲ, ಅವುಗಳಲ್ಲಿನ ಡೀಸೆಲ್ ಮಸಿಗೆ. ಊರಿನ ಸೂಕ್ಷ್ಮ ಕಣಗಳ ಸರಾಸರಿ ಅಂಕಿ ತೋರಿಸಿ 'ಗಾಳಿ ಚೆನ್ನಾಗಿದೆ' ಎನ್ನುವವರು ಇದನ್ನು ಓದಲೇಬೇಕು.

ಅದೇ ನ್ಯೂಯಾರ್ಕ್ 2018ರಲ್ಲಿ ಕಾನೂನು ತಂದು, ಕಸದ ಹೊರೆ ಹೊತ್ತ ಬಡಾವಣೆಗಳ ಕೇಂದ್ರಗಳು ಪಡೆಯಬಹುದಾದ ಕಸದ ಅನುಮತಿ ಮಿತಿಯನ್ನೇ ಕಡಿತಗೊಳಿಸಿತು. ಉತ್ತರ ಬ್ರೂಕ್ಲಿನ್‌ನಲ್ಲಿ ಅರ್ಧದಷ್ಟು, ಸೌತ್ ಬ್ರಾಂಕ್ಸ್‌ನಲ್ಲಿ ಮೂರನೇ ಒಂದರಷ್ಟು. ಜನರ ಹಲವು ವರ್ಷಗಳ ಹೋರಾಟದ ಫಲವಿದು.

ದುರ್ವಾಸನೆ ತಡೆಯಲು ಸುವಾಸನೆಯ ದ್ರವ ಸಿಂಪಡಿಸಿದರೆ ಮೂಗಿಗೆ ಸಮಾಧಾನ, ಅಷ್ಟೇ. ಹೊಗೆ, ದೂಳು ಹೋಗುವುದಿಲ್ಲ. ಪೂರ್ತಿ ಮುಚ್ಚಿದ ಕಟ್ಟಡ, ಒಳಗಿನ ಗಾಳಿಯನ್ನು ಎಳೆದು ಶೋಧಿಸುವ ಯಂತ್ರ, ಕಸ ಸುರಿಯುವಲ್ಲಿ ನೀರಿನ ತುಂತುರು, ವಿದ್ಯುತ್ ವಾಹನ: ಇವು ಬೇಕು. ಬೆಂಗಳೂರಿನ ಎಷ್ಟೋ ಕಡೆ ಆಟೋ ಟಿಪ್ಪರಿನಿಂದ ಕಸ ಒತ್ತಿ ತುಂಬುವ ಕಾಂಪ್ಯಾಕ್ಟರ್ ಲಾರಿಗೆ ಸುರಿಯುವುದು ಬಟಾಬಯಲಲ್ಲಿ, ರಸ್ತೆ ಬದಿಯಲ್ಲಿ. ಆ ದೂಳು ಮೊದಲು ಹೋಗುವುದು ಪೌರಕಾರ್ಮಿಕರ ಎದೆಗೆ.

ಸರದಿಯಲ್ಲಿ ನಿಂತ ಲಾರಿ ಎಂಜಿನ್ ಆರಿಸದಿದ್ದರೆ? ನ್ಯೂಯಾರ್ಕ್‌ನಲ್ಲಿ ಮಿತಿ 3 ನಿಮಿಷ, ಶಾಲೆಯ ಬಳಿ 1 ನಿಮಿಷ. ಮಿತಿ ಮೀರಿದ ಲಾರಿಯನ್ನು ವಿಡಿಯೊ ಮಾಡಿ ದೂರು ಕೊಟ್ಟವರಿಗೆ, ವಸೂಲಾದ ದಂಡದಲ್ಲಿ ನಾಲ್ಕನೇ ಒಂದು ಪಾಲು ಸಿಗುತ್ತದೆ!