ಯೋಧನ ತಲೆಯೊಳಗಿನ ಗಾಯ, ಮನೆಮಂದಿಯ ಆಸರೆ

ಮಕ್ಕಳೇ, ನಿಮ್ಮ ಮನೆಯ ಅಟ್ಟದ ಮೇಲೆ ಕೊಬ್ಬರಿಗೆಂದು ಹಾಕಿದ ಕಾಯಿ ಇದ್ದರೆ ತಾತನನ್ನು ಕೇಳಿ ಒಂದನ್ನು ಕೆಳಗೆ ತರಿಸಿಕೊಳ್ಳಿ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ. ಹೊಸದಾಗಿ ಕಿತ್ತ ಕಾಯಿಯಾದರೆ ನೀರು ಕುಲುಕುವ ಸದ್ದು ಕೇಳುತ್ತದೆ. ಹತ್ತು ಹನ್ನೆರಡು ತಿಂಗಳು ಅಟ್ಟದಲ್ಲಿ ಕೂತ ಕಾಯಿಯಾದರೆ ಕೊಬ್ಬರಿ ಕರಟದಿಂದ ಬಿಟ್ಟುಕೊಂಡು ಒಳಗೇ ಗೊಟಗೊಟ ಎನ್ನುತ್ತದೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ. ಒಳಗೆ ಏನಾಗಿದೆ ಎಂಬುದು ಕಣ್ಣಿಗೆ ಕಾಣುವುದಿಲ್ಲ.

ನಮ್ಮ ತಲೆಯೂ ಕೆಲಮಟ್ಟಿಗೆ ಹಾಗೆಯೇ. ಹೊರಗೆ ಗಟ್ಟಿ ತಲೆಬುರುಡೆ. ಒಳಗೆ ಸುಮಾರು 1.3 ಕಿಲೋ ತೂಕದ ಮೆತ್ತನೆಯ ಮಿದುಳು. ಅದರ ಸುತ್ತ ಪೊರೆಗಳು, ತೆಳುವಾದ ನೀರಿನಂಥ ದ್ರವ. ದಿನನಿತ್ಯದ ಸಣ್ಣಪುಟ್ಟ ತಗಲುವಿಕೆಯನ್ನು ಆ ದ್ರವವೇ ತಡೆದುಕೊಳ್ಳುತ್ತದೆ. ಆದರೆ ಪೆಟ್ಟು ಜೋರಾದಾಗ ಮಿದುಳು ಒಳಗೇ ಬುರುಡೆಗೆ ಬಡಿಯುತ್ತದೆ. ಅದರ ಸಣ್ಣ ಸಣ್ಣ ನರತಂತುಗಳು ಎಳೆದುಕೊಂಡು ಹರಿಯುತ್ತವೆ. ಹಣೆಯ ಮೇಲಿನ ಗಾಯ ಹದಿನೈದು ದಿನದಲ್ಲಿ ಮಾಗಿ ಹೋಗಬಹುದು; ಒಳಗಿನದು ವರ್ಷಗಟ್ಟಲೆ ಉಳಿಯಬಹುದು.

ಇಂಥ ಪೆಟ್ಟು ತೆಂಗಿನ ಮರದಿಂದ ಬಿದ್ದವರಿಗೆ ಆಗುತ್ತದೆ, ಹೆಲ್ಮೆಟ್ ಇಲ್ಲದೆ ಬೈಕಿನಿಂದ ಬಿದ್ದವರಿಗೆ ಆಗುತ್ತದೆ. ಗಡಿ ಕಾಯುವ ಯೋಧರಿಗೂ ಆಗುತ್ತದೆ. ಗುಂಡು ತಗಲಬಹುದು, ಬೆಟ್ಟದ ದಾರಿಯಲ್ಲಿ ಲಾರಿ ಉರುಳಬಹುದು. ಹತ್ತಿರದಲ್ಲಿ ಬಾಂಬ್ ಸಿಡಿದರೆ ಅದರ ಚೂರು ತಗಲದಿದ್ದರೂ ಗಾಳಿಯ ಹೊಡೆತವೇ ಮಿದುಳನ್ನು ಅಲುಗಿಸಬಲ್ಲದು. ಹೀಗೆ ಪೆಟ್ಟು ತಿಂದು ಮನೆಗೆ ಮರಳಿದ ಯೋಧರ ಬಗ್ಗೆ, ಅವರನ್ನು ನೋಡಿಕೊಳ್ಳುವ ಮನೆಯವರ ಬಗ್ಗೆ ಈ ವಾರ ಮಾತಾಡೋಣ.

ಅಪ್ಪ ಬಂದರು, ಆದರೆ...

ತುರುವೇಕೆರೆ ತಾಲ್ಲೂಕಿನ ಸಂಪಿಗೆಯ ಆಸುಪಾಸಿನಲ್ಲಿ ಒಂದು ತೋಟದ ಮನೆ ಇದೆ ಎಂದುಕೊಳ್ಳಿ. ಇದು ನಿಜವಾದ ಯಾರೊಬ್ಬರ ಮನೆಯೂ ಅಲ್ಲ. ಇಂಥ ಮನೆಗಳಲ್ಲಿ ಸಾಮಾನ್ಯವಾಗಿ ಆಗುವುದನ್ನು ಹೇಳಲು ನಾವು ಕಟ್ಟಿಕೊಂಡ ಮನೆ. ತಾತ, ಅಜ್ಜಿ, ಅಮ್ಮ, ಆರನೇ ಕ್ಲಾಸಿನ ಹುಡುಗ. ಸೈನ್ಯದಲ್ಲಿದ್ದ ಅಪ್ಪ ತಲೆಗೆ ಪೆಟ್ಟು ಬಿದ್ದು, ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಇದ್ದು, ಪಿಂಚಣಿ ಪಡೆದು ಊರಿಗೆ ಬಂದಿದ್ದಾರೆ.

ಬಂದ ದಿನ ಊರೆಲ್ಲ ನೋಡಲು ಬಂತು. "ಕೈಕಾಲು ಗಟ್ಟಿಯಾಗವೆ, ದೇವರು ದೊಡ್ಡೋನು" ಎಂದು ಎಲ್ಲರೂ ಸಮಾಧಾನ ಹೇಳಿ ಹೋದರು. ತೊಂದರೆ ಶುರುವಾದದ್ದು ಆಮೇಲೆ. ಅಪ್ಪ ಪಂಪ್‌ಸೆಟ್ ಹಾಕಿ ಮರೆತುಬಿಡುತ್ತಾರೆ. ಅಂಗಡಿಗೆ ಹೋದವರು ಏನು ತರಬೇಕೆಂದು ತಿಳಿಯದೆ ಬರಿಗೈಲಿ ಬರುತ್ತಾರೆ. ಟೀವಿ ಸದ್ದು, ಮಿಕ್ಸಿ ಸದ್ದು ತಡೆಯಲಾಗುವುದಿಲ್ಲ. ಮಧ್ಯಾಹ್ನದ ಹೊತ್ತಿಗೇ ಸುಸ್ತಾಗಿ ಮಲಗುತ್ತಾರೆ. ಒಂದು ಸಂಜೆ ಹುಡುಗ ಅದೇ ಪ್ರಶ್ನೆಯನ್ನು ಎರಡು ಸಲ ಕೇಳಿದ. ಅಪ್ಪ ಜೋರಾಗಿ ಕಿರುಚಿ ತಟ್ಟೆ ಎಸೆದರು.

ಹುಡುಗ ಹಿತ್ತಿಲಿಗೆ ಹೋಗಿ ಕೂತ. ಅಜ್ಜಿ ಹಿಂದೆಯೇ ಹೋದಳು.

"ಅಪ್ಪಂಗೆ ನಾನು ಕಂಡ್ರೆ ಆಗಲ್ವಾ ಅಜ್ಜಿ?"

"ಇಲ್ಲ ಕಣೋ ಮಗ. ನಿಂದೇನೂ ತಪ್ಪಿಲ್ಲ. ಅವನ ತಲೇಲಿ ಇನ್ನೂ ಗಾಯ ಐತೆ. ನಮಗೆ ಕಾಣಲ್ಲ, ಅಷ್ಟೆ."

ಅಜ್ಜಿ ಹೇಳಿದ್ದು ವೈದ್ಯರು ಹೇಳುವ ಮಾತೇ. ಹಣೆಯ ಹಿಂದೆ ಇರುವ ಮಿದುಳಿನ ಮುಂಭಾಗ ನಮ್ಮ ಸಿಟ್ಟಿಗೆ ಕಡಿವಾಣ ಹಾಕುತ್ತದೆ. ಒಂದಾದ ಮೇಲೊಂದು ಕೆಲಸವನ್ನು ಜೋಡಿಸಿಕೊಡುತ್ತದೆ. ಅಲ್ಲಿ ಪೆಟ್ಟಾದರೆ ಕಡಿವಾಣ ಸಡಿಲವಾಗುತ್ತದೆ. ಕಾಲು ಮುರಿದವನಿಗೆ "ಓಡು" ಎಂದು ಯಾರೂ ಹೇಳುವುದಿಲ್ಲ. ಮಿದುಳಿಗೆ ಪೆಟ್ಟಾದವನಿಗೆ ಮಾತ್ರ "ಸ್ವಲ್ಪ ನೆನಪಿಟ್ಟುಕೊಳ್ಳಬಾರದಾ? ಯಾಕೆ ಹೀಗೆ ರೇಗುತ್ತೀಯ?" ಎಂದು ದಿನವೂ ಕೇಳುತ್ತೇವೆ.

ಮೂರು ಸಾವಿರ ಪುಟ ಬರೆದ ಯೋಧ

ಎರಡನೇ ಮಹಾಯುದ್ಧದ ಕಾಲದ ಒಂದು ನಿಜವಾದ ಕಥೆ ಇದೆ. 1943ರ ಮಾರ್ಚ್‌ನಲ್ಲಿ ರಷ್ಯಾದ ಲೆವ್ ಜಸೆಟ್ಸ್‌ಕಿ ಎಂಬ ಯುವ ಯೋಧನ ತಲೆಗೆ ಗುಂಡು ಹೊಕ್ಕಿತು. ಎಂಜಿನಿಯರಿಂಗ್ ಓದುತ್ತಿದ್ದ ಜಾಣ ಹುಡುಗ ಆತ. ಜೀವ ಉಳಿಯಿತು. ಆದರೆ ಓದಲು ಬರಲಿಲ್ಲ. ನೋಟದ ಬಲ ಅರ್ಧ ಕಾಣುತ್ತಿರಲಿಲ್ಲ. ದಿನಬಳಕೆಯ ವಸ್ತುಗಳ ಹೆಸರೂ ಬೇಗ ನೆನಪಿಗೆ ಬರುತ್ತಿರಲಿಲ್ಲ. ಸ್ವಂತ ಊರಿನಲ್ಲೇ ದಾರಿ ತಪ್ಪುತ್ತಿತ್ತು.

ಆಸ್ಪತ್ರೆಯಲ್ಲಿ ಒಂದು ವಿಷಯ ತಿಳಿಯಿತು. ಅಕ್ಷರಗಳನ್ನು ಒಂದೊಂದಾಗಿ ನೆನೆಯುತ್ತ ಕೂತರೆ ಬರೆಯಲಾಗದು; ಕೈ ಎತ್ತದೆ ಒಂದೇ ಓಟದಲ್ಲಿ ಬರೆದರೆ ಕೈಗೇ ಅಭ್ಯಾಸವಾಗಿದ್ದ ಬರವಣಿಗೆ ಹಿಂದಿರುಗುತ್ತದೆ! ಆಮೇಲೆ ಜಸೆಟ್ಸ್‌ಕಿ ತಾಯಿ ಮತ್ತು ತಂಗಿಯರ ಜೊತೆ ಮನೆಯಲ್ಲಿ ಇದ್ದುಕೊಂಡು ತಮ್ಮ ಕಥೆ ಬರೆಯತೊಡಗಿದರು. ಬರೆದದ್ದನ್ನು ತಾವೇ ಓದಲು ಒದ್ದಾಡಬೇಕಿತ್ತು. ಕೆಲವು ದಿನ ಅರ್ಧ ಪುಟವೂ ಸಾಗುತ್ತಿರಲಿಲ್ಲ. ಹಾಗೆ ಸುಮಾರು 25 ವರ್ಷಗಳಲ್ಲಿ 3000 ಪುಟ ತುಂಬಿದವು. ಅವರನ್ನು ದಶಕಗಳ ಕಾಲ ನೋಡಿಕೊಂಡ ವೈದ್ಯ ಅಲೆಕ್ಸಾಂಡರ್ ಲೂರಿಯಾ ಆ ಪುಟಗಳನ್ನು ಆಧರಿಸಿ ಪುಸ್ತಕ ತಂದರು.

ಜಸೆಟ್ಸ್‌ಕಿ ಪೂರ್ತಿ ಗುಣವಾಗಲಿಲ್ಲ. ಆದರೂ ದಿನಕ್ಕೊಂದು ಕೆಲಸ ಇತ್ತು, ಪಕ್ಕದಲ್ಲಿ ಮನೆಯವರು ಇದ್ದರು. ಅಷ್ಟು ವರ್ಷ ಮನೆ ನಡೆಸಿದ ಆ ತಾಯಿ, ತಂಗಿಯರ ಬಗ್ಗೆ ಮಾತ್ರ ಲೋಕಕ್ಕೆ ತಿಳಿದದ್ದು ಕಡಿಮೆ.

ಮನೆಯವರನ್ನು ಒಳಗೆ ಕರೆದ ಆಸ್ಪತ್ರೆಗಳು

ಹಿಂದೆ ಮಿದುಳಿನ ಅಥವಾ ಮನಸ್ಸಿನ ಕಾಯಿಲೆ ಬಂದರೆ ರೋಗಿಯನ್ನು ಒಳಗೆ ಬಿಟ್ಟು ಮನೆಯವರನ್ನು ಗೇಟಿನಿಂದಲೇ ಕಳಿಸುತ್ತಿದ್ದರು. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯ ಡಾ. ವಿದ್ಯಾಸಾಗರ್ ಬೇರೆ ದಾರಿ ಹಿಡಿದರು. ಆಸ್ಪತ್ರೆಯ ಅಂಗಳದಲ್ಲೇ ಡೇರೆ ಹಾಕಿಸಿ ಮನೆಯವರನ್ನು ರೋಗಿಯ ಜೊತೆ ಉಳಿಸಿಕೊಂಡರು. ಹೇಗೆ ನೋಡಿಕೊಳ್ಳಬೇಕೆಂದು ಅವರಿಗೇ ಕಲಿಸಿದರು. ರೋಗಿಗಳು ಬೇಗ ಚೇತರಿಸಿಕೊಂಡು ಮನೆಗೆ ಹೋಗುವುದು ಕಂಡುಬಂತು.

ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಕೂಡ ಮನೆಯವರ ಕೈಹಿಡಿದೇ ಬೆಳೆದ ಸಂಸ್ಥೆ. ಹಳೆಯ ಮೈಸೂರು ರಾಜ್ಯದ ಮಾನಸಿಕ ಆಸ್ಪತ್ರೆ ಮತ್ತು 1954ರಲ್ಲಿ ಶುರುವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಎರಡೂ ಸೇರಿ 1974ರ ಡಿಸೆಂಬರ್ 27ರಂದು ನಿಮ್ಹಾನ್ಸ್ ಆಯಿತು. ತಿಪಟೂರು, ಬಾಣಸಂದ್ರದಲ್ಲಿ ರೈಲು ಹತ್ತಿ ಅಲ್ಲಿಗೆ ಹೋಗಿಬಂದವರು ನಿಮ್ಮೂರಲ್ಲೂ ಇರಬಹುದು. ಅಲ್ಲಿ ನರರೋಗ ಪುನರ್ವಸತಿಗೆ ಬೇರೆ ವಿಭಾಗವೇ ಇದೆ. ಒಬ್ಬರು ಕೈಕಾಲಿನ ವ್ಯಾಯಾಮ ಕಲಿಸಿದರೆ, ಇನ್ನೊಬ್ಬರು ಮಾತು ತಿದ್ದುತ್ತಾರೆ. ಗುಂಡಿ ಹಾಕಿಕೊಳ್ಳುವುದು, ಸ್ನಾನ, ಅಡುಗೆಯಂಥ ದಿನದ ಕೆಲಸ ಮತ್ತೆ ಕಲಿಸುವವರು ಬೇರೆ. ಮನೆಯವರನ್ನು ಕೂರಿಸಿಕೊಂಡು ಮಾತಾಡುವ ಸಮಾಜ ಕಾರ್ಯಕರ್ತರೂ ಇರುತ್ತಾರೆ.

ಆಸ್ಪತ್ರೆಯ ಪಾಠ ಕೆಲವೇ ವಾರ. ಚೇತರಿಕೆ ಮೊದಲ ಕೆಲವು ತಿಂಗಳು ಚುರುಕಾಗಿರುತ್ತದೆ. ಆಮೇಲೆ ನಿಧಾನವಾಗಿ ವರ್ಷಗಟ್ಟಲೆ ಸಾಗುತ್ತದೆ. ಆ ವರ್ಷಗಳೆಲ್ಲ ಕಳೆಯುವುದು ಮನೆಯಲ್ಲಿ. ಅದಕ್ಕೇ ಮನೆಯವರು ಕಲಿಯಬೇಕು.

ಮನೆಯಲ್ಲಿ ಏನು ಮಾಡಬಹುದು?

ನಮ್ಮ ತೋಟದ ಮನೆಗೆ ಮತ್ತೆ ಹೋಗೋಣ. ಅಲ್ಲಿ ಎಲ್ಲರೂ ಕೂತು ಕೆಲಸ ಹಂಚಿಕೊಂಡರು.

ಹುಡುಗ ಒಂದು ನೂರು ಪುಟದ ನೋಟ್‌ಬುಕ್ ತಂದ. ಪ್ರತಿದಿನ ಬೆಳಿಗ್ಗೆ ಅಪ್ಪನ ಜೊತೆ ಕೂತು ಅಂದಿನ ಕೆಲಸ ಬರೆಯುತ್ತಾನೆ: ಮಾತ್ರೆ, ತಿಂಡಿ, ಹಸುವಿಗೆ ಹುಲ್ಲು, ಮೋಟರ್ ಆಫ್. ಮುಗಿದದ್ದಕ್ಕೆ ಅಪ್ಪನೇ ಗುರುತು ಹಾಕುತ್ತಾರೆ. ಬೀಗದ ಕೈ, ಕನ್ನಡಕ, ಮೊಬೈಲ್ ಇಡಲು ಬಾಗಿಲ ಪಕ್ಕ ಒಂದೇ ಗೂಡು. ಒಮ್ಮೆಗೆ ಒಂದೇ ಮಾತು, ಚಿಕ್ಕ ಮಾತು. ಉತ್ತರ ಬರುವವರೆಗೆ ಕಾಯುವುದು.

ತಾತನ ಪಾಲಿಗೆ ಬಂದದ್ದು ತೋಟ. ಮಗನನ್ನು ದಿನವೂ ಒಂದು ಸುತ್ತು ಕರೆದುಕೊಂಡು ಹೋಗುತ್ತಾರೆ. ಬಿದ್ದ ಕಾಯಿ ಆಯುವುದು, ಎಣಿಸುವುದು, ಗುಡ್ಡೆ ಹಾಕುವುದು, ಇವೆಲ್ಲ ಅವನ ಕೆಲಸ. ಮರ ಹತ್ತುವುದು ಮಾತ್ರ ಇಲ್ಲ. ಲೆಕ್ಕ ತಪ್ಪಿದರೆ ತಾತ ನಗುವುದಿಲ್ಲ, "ಇನ್ನೊಂದು ಸಲ ಎಣಿಸೋಣ ಬಾರೋ" ಎನ್ನುತ್ತಾರೆ. "ಕೂತ್ಕೋ, ನಾನೇ ಮಾಡ್ತೀನಿ" ಎಂದು ಎಲ್ಲವನ್ನೂ ಕಿತ್ತುಕೊಂಡರೆ ಮನುಷ್ಯ ಇನ್ನೂ ಕುಗ್ಗುತ್ತಾನೆ.

ಅಜ್ಜಿ ಸದ್ದು ನೋಡಿಕೊಳ್ಳುತ್ತಾಳೆ. ಮಧ್ಯಾಹ್ನ ಟೀವಿ ಇಲ್ಲ. ಮಗನ ಮುಖ ಬಿಗಿಯಾದದ್ದು ಕಂಡರೆ ವಾದ ಮಾಡುವುದಿಲ್ಲ. ಬಂದವರನ್ನೆಲ್ಲ ಜಗಲಿಗೆ ಕರೆದುಕೊಂಡು ಹೋಗುತ್ತಾಳೆ. ಹುಡುಗನಿಗೂ ಒಂದು ನಿಯಮ ಹೇಳಿದ್ದಾಳೆ: ಅಪ್ಪನ ಸಿಟ್ಟು ಏರಿದರೆ ಹತ್ತಿರ ನಿಲ್ಲಬೇಡ, ನನ್ನ ಹತ್ತಿರ ಓಡಿ ಬಾ. ಗಾಯದಿಂದ ಬಂದ ಸಿಟ್ಟಾದರೂ ಹೊಡೆತ ಹೊಡೆತವೇ. ಹಾಗಾದರೆ ಅದನ್ನು ಮುಚ್ಚಿಡದೆ ವೈದ್ಯರಿಗೆ ಹೇಳಲೇಬೇಕು.

ಇನ್ನೆರಡು ಎಚ್ಚರಿಕೆಯ ಮಾತು. ತಲೆಗೆ ಪೆಟ್ಟು ಬಿದ್ದವರು ಮದ್ಯ ಮುಟ್ಟಬಾರದು. ಮೂರ್ಛೆಗೆ ಕೊಟ್ಟ ಮಾತ್ರೆಯನ್ನು ವೈದ್ಯರನ್ನು ಕೇಳದೆ ನಿಲ್ಲಿಸಬಾರದು. ಮೂರ್ಛೆ ಬಂದರೆ ಕೈಗೆ ಕಬ್ಬಿಣ, ಬೀಗದ ಕೈ ಕೊಡುವುದರಿಂದ ಏನೂ ಆಗುವುದಿಲ್ಲ. ಬಾಯಿಗೆ ಚಮಚ, ನೀರು ಹಾಕಬೇಡಿ. ಕೈಕಾಲು ಅದುಮಿ ಹಿಡಿಯಬೇಡಿ. ಸುತ್ತಲಿನ ಗಟ್ಟಿ ವಸ್ತು ಸರಿಸಿ, ತಲೆಯ ಕೆಳಗೆ ಬಟ್ಟೆ ಇಟ್ಟು, ಮೆಲ್ಲಗೆ ಮಗ್ಗುಲಿಗೆ ಹೊರಳಿಸಿ. ಐದು ನಿಮಿಷ ದಾಟಿದರೆ 108ಕ್ಕೆ ಫೋನ್ ಮಾಡಿ.

ಅಮ್ಮನನ್ನು ಕೇಳುವವರು ಯಾರು?

ಎಲ್ಲರೂ ಅಪ್ಪ ಹೇಗಿದ್ದಾರೆ ಎಂದು ಕೇಳುತ್ತಾರೆ. ಅಮ್ಮ ಹೇಗಿದ್ದಾಳೆ ಎಂದು ಕೇಳುವವರು ಕಡಿಮೆ. ರಾತ್ರಿ ನಿದ್ದೆ ಇಲ್ಲ. ಬ್ಯಾಂಕು, ಕೊಬ್ಬರಿ ವ್ಯಾಪಾರ, ಮಗನ ಓದು ಎಲ್ಲ ಅವಳ ತಲೆಯ ಮೇಲೆ. ಮೊದಲು ಕಷ್ಟಸುಖ ಹಂಚಿಕೊಳ್ಳುತ್ತಿದ್ದ ಗಂಡ ಎದುರಿಗೇ ಇದ್ದರೂ ಮೊದಲಿನಂತಿಲ್ಲ. ಹೀಗೆ ಜೊತೆಯಲ್ಲೇ ಇರುವವರ ಬಗ್ಗೆ ಕೊರಗುವುದು ದೊಡ್ಡ ದುಃಖ. ಅದನ್ನು ಹೇಳಿಕೊಂಡರೆ "ಜೀವಂತ ಬಂದವ್ನಲ್ಲ, ಇನ್ನೇನು ಬೇಕು?" ಎಂಬ ಮಾತು ಬರುತ್ತದೆ. ಆಗ ಅವಳು ಹೇಳುವುದನ್ನೇ ನಿಲ್ಲಿಸುತ್ತಾಳೆ.

ಅಮೆರಿಕದಲ್ಲಿ 2010ರಲ್ಲಿ ಇದಕ್ಕಾಗಿ ಕಾನೂನೇ ಬಂತು. ಯುದ್ಧದಲ್ಲಿ ತೀವ್ರವಾಗಿ ಗಾಯಗೊಂಡ, ಮಿದುಳಿಗೆ ಪೆಟ್ಟಾದ ಯೋಧರನ್ನು ಮನೆಯಲ್ಲಿ ನೋಡಿಕೊಳ್ಳುವ ಹೆಂಡತಿ, ತಾಯಿ ಮೊದಲಾದವರಿಗೆ ತರಬೇತಿ, ತಿಂಗಳ ಭತ್ಯೆ ಮತ್ತು ನಡುವೆ ಬಿಡುವು ಸಿಗುವ ಏರ್ಪಾಡು ಆಯಿತು. ನೋಡಿಕೊಳ್ಳುವುದು ಪ್ರೀತಿಯೂ ಹೌದು, ಕೆಲಸವೂ ಹೌದು ಎಂದು ಒಪ್ಪಿಕೊಂಡಂತಾಯಿತು.

ನಮ್ಮಲ್ಲಿ 2003ರ ಏಪ್ರಿಲ್‌ನಲ್ಲಿ ಮಾಜಿ ಸೈನಿಕರ ಆರೋಗ್ಯ ಯೋಜನೆ ಇಸಿಎಚ್‌ಎಸ್ ಶುರುವಾಯಿತು. ಪಿಂಚಣಿದಾರ ಯೋಧರಿಗಷ್ಟೇ ಅಲ್ಲ, ಹೆಂಡತಿಗೂ ಅವಲಂಬಿತರಿಗೂ ಅದರಲ್ಲಿ ಚಿಕಿತ್ಸೆ ಉಂಟು. ಸೇವೆಯಿಂದಾಗಿ ನೂರಕ್ಕೆ ನೂರು ಅಂಗವೈಕಲ್ಯವಾಗಿ, ಸದಾ ಒಬ್ಬರು ಜೊತೆಗಿರಲೇಬೇಕು ಎಂದು ವೈದ್ಯಕೀಯ ಮಂಡಳಿ ಹೇಳಿದರೆ ಪಿಂಚಣಿಯ ಜೊತೆ ಅದಕ್ಕೆಂದೇ ಭತ್ಯೆ ಇದೆ. ಕಾಗದಪತ್ರಕ್ಕೆ ರಾಜ್ಯದ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯನ್ನು ಕೇಳಬಹುದು. ಮನಸ್ಸು ಭಾರವಾದರೆ 14416ಕ್ಕೆ ಫೋನ್ ಮಾಡಿ. ಇದು ಟೆಲಿ ಮಾನಸ್, 2022ರ ಅಕ್ಟೋಬರ್ 10ರಂದು ಶುರುವಾದ ಉಚಿತ ಸಹಾಯವಾಣಿ. ಹಗಲು ರಾತ್ರಿ ಯಾವಾಗಲಾದರೂ ಕನ್ನಡದಲ್ಲೇ ಮಾತಾಡಬಹುದು. ರೋಗಿಯೇ ಮಾಡಬೇಕೆಂದಿಲ್ಲ, ಹೆಂಡತಿಯೂ ಮಾಡಬಹುದು.

ಆದರೆ ಫೋನು, ಭತ್ಯೆ ಮಾಡಲಾಗದ ಒಂದು ಕೆಲಸವನ್ನು ಮನೆಯ ಹಿರಿಯರೇ ಮಾಡಬೇಕು. ತಾತ ಅಜ್ಜಿಯರೇ, ಇದು ನಿಮಗೆ. ವಾರಕ್ಕೆ ಅರ್ಧ ದಿನ ಸೊಸೆಗೆ ಬಿಡುವು ಕೊಡಿ. ಅವಳು ಆ ಹೊತ್ತು ಮಲಗಲಿ, ಗೆಳತಿಯ ಮನೆಗೆ ಹೋಗಲಿ, ದೇವಸ್ಥಾನದ ಕಟ್ಟೆಯಲ್ಲಿ ಸುಮ್ಮನೆ ಕೂರಲಿ. ಎಲ್ಲಿಗೆ, ಯಾಕೆ ಎಂದು ಕೇಳಬೇಡಿ.

ನಮ್ಮ ತೋಟದ ಮನೆಯಲ್ಲಿ ಒಂದು ಭಾನುವಾರ ಅಜ್ಜಿಯೇ ಸೊಸೆಯ ಕೈಗೆ ಬ್ಯಾಗು ಕೊಟ್ಟಳು.

"ತವರಿಗೆ ಹೋಗಿ ಎರಡು ದಿನ ಇದ್ದು ಬಾರವ್ವ."

"ಇವರ ಮಾತ್ರೆ, ಅತ್ತೆ? ರಾತ್ರಿ ಎದ್ದು ಓಡಾಡ್ತಾರೆ..."

"ನೋಟ್‌ಬುಕ್ಕಲ್ಲಿ ಬರೆದದೆ" ಎಂದ ಹುಡುಗ.

ಹಜಾರದಲ್ಲಿ ಕೂತಿದ್ದ ಅಪ್ಪ ಆ ಮಾತು ಕೇಳಿಸಿಕೊಂಡು ಪುಸ್ತಕ ತೆಗೆದರು. ನಿಧಾನವಾಗಿ ಹಾಳೆ ತಿರುವಿ, ಆ ದಿನದ ಪಟ್ಟಿಯ ಕೆಳಗೆ ಒಂದು ಸಾಲು ತಾವೇ ಸೇರಿಸಿದರು: ಇವಳನ್ನು ಬಸ್ ಹತ್ತಿಸಿ ಬರುವುದು.

ತಾತ ಚಪ್ಪಲಿ ಮೆಟ್ಟಿಕೊಂಡು ಎದ್ದರು. ಬರುವಾಗ ಮಗನಿಗೆ ದಾರಿ ತಪ್ಪಬಾರದಲ್ಲ.