ಮದ್ದು ನಾಟೀತೇ? ಮೊದಲೇ ಎಣಿಸುವ ಯಂತ್ರ

ಕ್ಯಾನ್ಸರಿಗೆ ಕೊಡುವ ಕಾರ್ಬೋಪ್ಲಾಟಿನ್ ಮದ್ದಿನಲ್ಲಿ ಪ್ಲಾಟಿನಂ ಇದೆ. ಅದು ಜೀವಕೋಶದ ಡಿಎನ್‌ಎ ಎಳೆಗೆ ಅಂಟಿ ಗಂಟು ಹಾಕುತ್ತದೆ. ಗಂಟು ಬಿದ್ದ ಎಳೆಯನ್ನು ಸರಿಯಾಗಿ ನಕಲು ಮಾಡಲಾರದೆ ಕೋಶ ಸಾಯುತ್ತದೆ. ಆದರೆ ಕೆಲವರಲ್ಲಿ ಅಂಟುವುದೇ ಕಡಿಮೆ. ಅಂಟಿದರೂ ಬೇಗ ಬಿಚ್ಚಿಕೊಳ್ಳುತ್ತದೆ. ಅಂಥವರಿಗೆ ಉಳಿಯುವುದು ವಾಂತಿ, ನಿಶ್ಶಕ್ತಿ ಮತ್ತು ಖರ್ಚು.

ಇದನ್ನು ಮೊದಲೇ ತಿಳಿಯಬಹುದೇ? ಅಮೆರಿಕದ ಡೇವಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಮತ್ತು ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದವರು ಒಂದು ದಾರಿ ಹಿಡಿದರು. ಮದ್ದಿಗೆ ಕಾರ್ಬನ್-14ರ ಗುರುತು ಹಾಕಿ, ಪೂರ್ಣ ಪ್ರಮಾಣದ 100ರಲ್ಲಿ 1 ಪಾಲನ್ನು ಮಾತ್ರ ಕೊಟ್ಟರು. ಬಳಿಕ ರಕ್ತ ತೆಗೆದು, ಅದರ ಕೋಶಗಳ ಡಿಎನ್‌ಎ ಬೇರ್ಪಡಿಸಿ, ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ ಪರೀಕ್ಷಿಸಿದರು. ಇದು ಪರಮಾಣುಗಳನ್ನು ತೂಕದ ಪ್ರಕಾರ ಬೇರ್ಪಡಿಸುವ ಯಂತ್ರ; ಹಳೆಯ ಇದ್ದಿಲು, ಎಲುಬುಗಳ ಕಾಲ ಹೇಳುವುದೂ ಇದೇ ಬಗೆಯದು. ಕ್ಯಾಷಿಯರ್ ನೋಟಿನ ಕಟ್ಟಿನಿಂದ ಗುರುತಿನ ನೋಟುಗಳನ್ನು ಹೆಕ್ಕಿ ಎಣಿಸುವಂತೆ, ಗುರುತಿನ ಕಾರ್ಬನ್ನನ್ನು ಎಣಿಸುತ್ತದೆ. ಎಣಿಕೆ ಹೆಚ್ಚಿದಷ್ಟೂ ಮದ್ದು ಹೆಚ್ಚು ಅಂಟಿದೆಯೆಂದು ಲೆಕ್ಕ.

ಮೂತ್ರಕೋಶದ ಕ್ಯಾನ್ಸರ್ ರೋಗಿಗಳಲ್ಲಿ, ಚಿಕಿತ್ಸೆ ಫಲಿಸಿದವರ ಎಣಿಕೆ ಸರಾಸರಿ ಹೆಚ್ಚಿತ್ತೆಂದು 2017ರ ವರದಿ ಹೇಳಿತು. ಆದರೆ ಇದು ಇನ್ನೂ ಸಂಶೋಧನೆಯ ಮಾತು. ಊರ ಆಸ್ಪತ್ರೆಯಲ್ಲಿ ಸಿಗುವ ಪರೀಕ್ಷೆಯಲ್ಲ. ಆದ್ದರಿಂದ ಡಾಕ್ಟರು ಬರೆದ ಮದ್ದನ್ನು ನಾಟದೆಂಬ ಅಂಜಿಕೆಯಿಂದ ಅರ್ಧಕ್ಕೆ ಬಿಡಬೇಡಿ. ಸಂಶಯವಿದ್ದರೆ ಅವರನ್ನೇ ಕೇಳಿ.